ದೊಡ್ಡಮ್ಮನಿಗೆ ಕಂಡ ಮಕ್ಕಳು: ಇಲ್ಲದ್ದು ಕಾಣುವುದು, ಕೇಳುವುದು ಯಾಕೆ?

ಪಾಂಡವಪುರದ ಕಡೆ ನಮ್ಮೂರು. ಅಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಆಗ ಅವರಿಗೆ 74 ವರ್ಷ. ಒಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಬೀರುವಿನ ಕಡೆ ಕೈ ತೋರಿಸಿ, "ಆ ಐಕ್ಳನ್ನ ಯಾಕ್ಲಾ ಒಳೀಕೆ ಬುಟ್ರಿ? ಮೂರೂ ಅಲ್ಲೇ ನಿಂತವೆ ನೋಡು" ಅಂದರು. ಬೀರುವಿನ ಹತ್ತಿರ ಯಾರೂ ಇರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುಟ್ಟಲಿಲ್ಲ. ಸಾರಿಗೆ ಸೊಸೆ ಏನೋ ಬೆರೆಸಿದ್ದಾಳೆ ಅಂತ ತಟ್ಟೆ ದೂಡಿದರು. 20 ವರ್ಷದಿಂದ ಅವರನ್ನು ನೋಡಿಕೊಂಡು ಬಂದ ನಮ್ಮ ಅತ್ತಿಗೆ ಅಡುಗೆಮನೆಯಲ್ಲಿ ಅಳುತ್ತಾ ಕೂತರು.

ಬೆಳಿಗ್ಗೆ ಎದ್ದಾಗ ದೊಡ್ಡಮ್ಮ ಸರಿಯಾಗೇ ಇದ್ದರು. ಕಾಫಿ ಕುಡಿದರು. ಹಸುವಿಗೆ ಮೇವು ಹಾಕಿದ್ರಾ ಅಂತ ವಿಚಾರಿಸಿದರು. ಸಂಜೆಯಾದ ಹಾಗೆ ಮತ್ತೆ ಅದೇ. ಹಾಗಾಗಿ ಒಬ್ಬರು ಇದು ನಾಟಕ ಅಂದರು. ಇನ್ನೊಬ್ಬರು ಗಾಳಿ ಸೋಕಿದೆ, ಅಂತ್ರ ಕಟ್ಟಿಸಿ ಅಂದರು. ನಾನು ಮೈಸೂರಿನಲ್ಲಿ ಕೂತು ಫೋನಿನಲ್ಲಿ ಹುಡುಕಿ, ಇದು ಸ್ಕಿಜೋಫ್ರೇನಿಯಾ ಅನ್ನುವ ಮನಸ್ಸಿನ ಕಾಯಿಲೆಯೇ ಇರಬೇಕು ಅಂತ ಹೆದರಿದೆ. ಒಂದು ವಾರ ಹೀಗೇ ಹೋಯಿತು. ಒಂದು ಕ್ಲಿನಿಕ್ಕಿನಲ್ಲಿ ನಿದ್ದೆ ಬರುವ ಇಂಜೆಕ್ಷನ್ ಕೊಟ್ಟು ಕಳಿಸಿದರು. ಕೊನೆಗೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿದಾಗ ವಿಷಯ ಗೊತ್ತಾಯಿತು. ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, 135ರಿಂದ 145ರ ಒಳಗೆ ಇರಬೇಕು. ದೊಡ್ಡಮ್ಮನದು 118 ಇತ್ತು. ಜೊತೆಗೆ ಮೂತ್ರದಲ್ಲಿ ಸೋಂಕು. ಮೂತ್ರ ಜಾಸ್ತಿ ಹೋಗುವಂತೆ ಮಾಡುವ ಬಿ.ಪಿ. ಮಾತ್ರೆ, ಹೊಟ್ಟೆ ಕೆಟ್ಟು ಸರಿಯಾಗಿ ಊಟ ಮಾಡದ ನಾಲ್ಕು ದಿನ, ಸೋಂಕು, ಎಲ್ಲಾ ಸೇರಿ ಹೀಗಾಗಿತ್ತು. ಡಾಕ್ಟರು ಸೋಡಿಯಂ ನಿಧಾನವಾಗಿ ಸರಿಮಾಡಿದರು, ಆ ಮಾತ್ರೆ ಬದಲಾಯಿಸಿದರು, ಸೋಂಕಿಗೆ ಔಷಧಿ ಕೊಟ್ಟರು. ಆರನೇ ದಿನಕ್ಕೆ ಬೀರುವಿನ ಹತ್ತಿರ ಇದ್ದ ಮಕ್ಕಳು ಹೋಗಿಬಿಟ್ಟಿದ್ದರು.

ಆ ಒಂದು ವಾರ ಕಳೆದದ್ದು ನನಗೆ ಇವತ್ತಿಗೂ ನೋವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲದ್ದು ಕಂಡರೆ, ಕೇಳಿಸಿದರೆ, ಎಲ್ಲರ ಮೇಲೂ ಅನುಮಾನ ಶುರುವಾದರೆ ನಮಗೆ ಎರಡೇ ಹೆಸರು ನೆನಪಾಗುತ್ತವೆ. ಹಳ್ಳಿಯಲ್ಲಾದರೆ ಗಾಳಿ, ಪೇಟೆಯಲ್ಲಾದರೆ ಸ್ಕಿಜೋಫ್ರೇನಿಯಾ. ಇವೆರಡರ ನಡುವೆ ಎಷ್ಟೊಂದು ಕಾರಣಗಳಿವೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಹಗ್ಗ ಇಲ್ಲದೆಯೂ ಹಾವು

ಮಬ್ಬಿನಲ್ಲಿ ಹಗ್ಗವನ್ನು ಹಾವು ಅಂದುಕೊಳ್ಳುವುದು ನಮಗೆಲ್ಲಾ ಗೊತ್ತಿರುವ ಮಾತು. ಅಲ್ಲಿ ಹಗ್ಗವಾದರೂ ಇರುತ್ತದೆ. ಹಗ್ಗವೇ ಇಲ್ಲದೆ ಹಾವು ಕಂಡರೆ ಅದನ್ನು ಡಾಕ್ಟರುಗಳು ಹ್ಯಾಲೂಸಿನೇಷನ್ ಅನ್ನುತ್ತಾರೆ. ಕಣ್ಣಿಗೆ ಕಾಣುವುದು ಮಾತ್ರ ಅಲ್ಲ. ಕಿವಿಗೆ ಮಾತು ಕೇಳಬಹುದು, ಮೂಗಿಗೆ ಸುಟ್ಟ ವಾಸನೆ ಬರಬಹುದು, ಚರ್ಮದ ಕೆಳಗೆ ಹುಳು ಹರಿದ ಹಾಗೆ ಆಗಬಹುದು. ಯಾರೋ ನನ್ನ ಹಿಂದೆ ಬಿದ್ದಿದ್ದಾರೆ, ಅನ್ನಕ್ಕೆ ಏನೋ ಹಾಕಿದ್ದಾರೆ, ಮಾಟ ಮಾಡಿಸಿದ್ದಾರೆ ಅನ್ನುವ ಬಿಡದ ಅನುಮಾನಕ್ಕೆ ಪ್ಯಾರನೋಯಾ ಅನ್ನುತ್ತಾರೆ.

ಇವು ರೋಗದ ಹೆಸರುಗಳಲ್ಲ, ಲಕ್ಷಣಗಳು. ಕೆಮ್ಮು ಅಂದರೆ ಟಿ.ಬಿ. ಅಂತ ಅಲ್ಲ, ಅಲ್ವಾ? ಹಾಗೇ ಇದು. ನಮ್ಮ ಮಿದುಳು ಕಣ್ಣು ಕಿವಿಯಿಂದ ಬಂದದ್ದನ್ನು ಸುಮ್ನೆ ತೆಗೆದುಕೊಂಡು ಕೂರುವುದಿಲ್ಲ. ಅದು ಸದಾ ಊಹೆ ಮಾಡುತ್ತಿರುತ್ತದೆ. ಅರ್ಧ ಕೇಳಿದ ಮಾತನ್ನು ತಾನೇ ಪೂರ್ತಿ ಮಾಡುತ್ತದೆ. ಉಪ್ಪು, ಸಕ್ಕರೆ, ಆಮ್ಲಜನಕ, ನಿದ್ದೆ, ಹಾರ್ಮೋನು ಇವುಗಳಲ್ಲಿ ಯಾವುದು ಹದ ತಪ್ಪಿದರೂ ಆ ಊಹೆ ದಾರಿ ಬಿಡುತ್ತದೆ. ಹೊರಗೆ ಏನು ನಡೆಯುತ್ತಿದೆ ಅಂತ ಸರಿಯಾಗಿ ತಿಳಿಯದಾಗ ಮಿದುಳು ಮೊದಲು ಅಪಾಯವನ್ನೇ ಊಹಿಸುತ್ತದೆ. ಅನುಮಾನ ಹುಟ್ಟುವುದು ಅಲ್ಲಿಂದ.

ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 18 ದೇಶಗಳ 31,000ಕ್ಕೂ ಹೆಚ್ಚು ಜನರನ್ನು ಕೇಳಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜೀವಮಾನದಲ್ಲಿ ಒಮ್ಮೆಯಾದರೂ ಇಲ್ಲದ್ದನ್ನು ಕಂಡ ಅಥವಾ ಕೇಳಿದ ಜನ 100ಕ್ಕೆ ಸುಮಾರು 5 ಇದ್ದರು. ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಇಲ್ಲದ್ದು ಕಂಡವರೆಲ್ಲರಿಗೂ ಸ್ಕಿಜೋಫ್ರೇನಿಯಾ ಇರಲು ಸಾಧ್ಯವೇ ಇಲ್ಲ. ಹಾಗಂತ ಸ್ಕಿಜೋಫ್ರೇನಿಯಾ ಬಂದವರನ್ನು ಬೇರೆ ಸಾಲಿನಲ್ಲಿ ನಿಲ್ಲಿಸಬೇಕು ಅಂತ ನಾನು ಹೇಳುತ್ತಿಲ್ಲ. ಅದಕ್ಕೂ ಚಿಕಿತ್ಸೆ ಇದೆ. ಅದೂ ನಾಚಿಕೆ ಪಡುವ ಕಾಯಿಲೆ ಅಲ್ಲ.

ಸನ್ನಿ ಅನ್ನುವ ಹಳೆಯ ಮಾತು

ನಮ್ಮ ಹಿರಿಯರಿಗೆ ಇದು ಅಷ್ಟಿಷ್ಟು ಗೊತ್ತಿತ್ತು ಅನ್ನಿಸುತ್ತದೆ. ಜ್ವರ ನೆತ್ತಿಗೇರಿ ಏನೇನೋ ಮಾತಾಡುವವರನ್ನು ಅವರು ಹುಚ್ಚು ಅನ್ನುತ್ತಿರಲಿಲ್ಲ, ಸನ್ನಿ ಅನ್ನುತ್ತಿದ್ದರು. ಸನ್ನಿಪಾತ ಅನ್ನುವುದರಿಂದ ಬಂದ ಮಾತು. ಮೈಯ ಕಾಯಿಲೆ ಬುದ್ಧಿಯನ್ನು ಕೆಡಿಸಿದೆ ಅಂತ ಅದರ ಅರ್ಥ. ಇವತ್ತಿನ ಡಾಕ್ಟರುಗಳು ಡೆಲಿರಿಯಂ ಅನ್ನುವುದು ಹೆಚ್ಚು ಕಡಿಮೆ ಇದನ್ನೇ. ದೊಡ್ಡಮ್ಮನಿಗೆ ಆದದ್ದೂ ಇದೇ. ಒಳ್ಳೆಯ ಪದವೊಂದು ನಮ್ಮಲ್ಲೇ ಇತ್ತು, ನಾವು ಮರೆತಿದ್ದೆವು.

ಡೆಲಿರಿಯಂ ಗಂಟೆಗಳಲ್ಲಿ, ಇಲ್ಲವೇ ಒಂದೆರಡು ದಿನಗಳಲ್ಲಿ ಶುರುವಾಗುತ್ತದೆ. ವರ್ಷಗಟ್ಟಲೆ ಎಳೆದುಕೊಂಡು ಬಂದದ್ದಲ್ಲ. ಬೆಳಿಗ್ಗೆ ಸರಿ, ಸಂಜೆ ಕೆಟ್ಟದ್ದು, ಹೀಗೆ ಏರಿಳಿಯುತ್ತದೆ. ಈ ಏರಿಳಿತವನ್ನೇ ನಮ್ಮ ಮನೆಯವರು ನಾಟಕ ಅಂದುಕೊಂಡಿದ್ದು. ಗಮನ ನಿಲ್ಲುವುದಿಲ್ಲ. ವಾರದ ದಿನಗಳನ್ನು ಹಿಂದಿನಿಂದ ಹೇಳಿ ಅಂದರೆ ಎರಡನೇ ದಿನಕ್ಕೇ ದಾರಿ ತಪ್ಪುತ್ತಾರೆ. ಮಾತು ಕೇಳಿಸುವುದಕ್ಕಿಂತ ಮನುಷ್ಯರು, ಪ್ರಾಣಿಗಳು, ಹುಳುಗಳು ಕಾಣುವುದೇ ಜಾಸ್ತಿ. ಇನ್ನೊಂದು ಥರದ ಡೆಲಿರಿಯಂ ಇದೆ. ಅದರಲ್ಲಿ ಗಲಾಟೆಯೇ ಇರುವುದಿಲ್ಲ. ಅಜ್ಜಿ ಸುಮ್ನೆ ಮಂಕಾಗಿ ಮಲಗಿರುತ್ತಾರೆ. ಮನೆಯವರು ಸುಸ್ತು ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ಇನ್ನೂ ಅಪಾಯ.

ಕಾರಣಗಳು ಬಹಳ. ವಯಸ್ಸಾದವರಲ್ಲಿ ಮೂತ್ರದ ಸೋಂಕು, ನ್ಯುಮೋನಿಯಾ, ನೀರು ಸಾಲದಿರುವುದು, ಸೋಡಿಯಂ ಇಳಿಯುವುದು ದೊಡ್ಡ ಕಾರಣಗಳು. ಮಲಬದ್ಧತೆ ಜೋರಾದರೂ, ಮೂತ್ರ ಕಟ್ಟಿಕೊಂಡರೂ ಸಾಕು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಇದು ತುಂಬಾ ಸಾಮಾನ್ಯ. ಟೈಫಾಯ್ಡ್ ಜ್ವರದಲ್ಲಿ ರೋಗಿ ಗೊಣಗುತ್ತಾ ಹೊದಿಕೆಯನ್ನು ಕೀಳುತ್ತಾ ಮಲಗಿರುವುದನ್ನು ಹಳೆಯ ವೈದ್ಯರು ವಿವರವಾಗಿ ಬರೆದಿಟ್ಟಿದ್ದಾರೆ. ಆ ರೋಗದ ಹೆಸರೇ ಹೊಗೆ, ಮಂಕು ಅನ್ನುವ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಕಿಡ್ನಿ ಕೆಟ್ಟರೆ ಹೀಗಾಗಬಹುದು. ಲಿವರ್ ಕೆಟ್ಟರೆ ಹಗಲು ನಿದ್ದೆ, ರಾತ್ರಿ ಎಚ್ಚರ ಆಗಿ, ಆಮೇಲೆ ಮಾತು ತಪ್ಪುತ್ತದೆ.

ಸಕ್ಕರೆ ಕಾಯಿಲೆಯವರ ವಿಷಯ ಒಂದು ಬೇರೆಯಾಗಿ ಹೇಳಬೇಕು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಊಟ ತಡವಾದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ, ಕಾರಣವಿಲ್ಲದ ಸಿಟ್ಟು, ಎದುರಿಗಿದ್ದವರ ಮೇಲೆ ಅನುಮಾನ. ಏಕಾದಶಿ ಉಪವಾಸದ ದಿನ ಮನೆಯ ಹಿರಿಯರು ಹೀಗೆ ಆಡಿದರೆ ಮೊದಲು ಗ್ಲುಕೋಮೀಟರ್ ತೆಗೆಯಿರಿ. ಯಂತ್ರ ಇಲ್ಲದಿದ್ದರೆ, ಎಚ್ಚರವಾಗಿದ್ದು ನುಂಗಲು ಆಗುತ್ತದೆ ಅಂದರೆ, ಸಕ್ಕರೆ ನೀರು ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಹಿರಿಯರಿಗೆ ಎರಡು ಮೂರು ವಾರ ಆದ ಮೇಲೂ ತಲೆಯೊಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡು ಗೊಂದಲ ಶುರುವಾಗಬಹುದು. ಬಚ್ಚಲಲ್ಲಿ ಜಾರಿದ್ದು ಎಲ್ಲರಿಗೂ ಮರೆತೇ ಹೋಗಿರುತ್ತದೆ. ಡಾಕ್ಟರಿಗೆ ಅದನ್ನು ನೆನಪಿಸಬೇಕಾದವರು ನಾವೇ.

ಡೆಲಿರಿಯಂಗೆ ಮುಖ್ಯ ಔಷಧಿ ಅದರ ಹಿಂದಿನ ಕಾರಣವನ್ನು ಸರಿಪಡಿಸುವುದು. ಅದರ ಜೊತೆಗೆ ಮನೆಯವರು ಮಾಡುವ ಸಣ್ಣ ಕೆಲಸಗಳಿಗೂ ಬಲ ಇದೆ. ಕನ್ನಡಕ ಹಾಕಿಸಿ, ಕಿವಿಯ ಮೆಷಿನ್ ಹಾಕಿಸಿ. ಗೊತ್ತಿರುವ ಮುಖ ಒಂದು ಪಕ್ಕದಲ್ಲಿರಲಿ. ಹಗಲು ಬೆಳಕು ಬರಲಿ, ರಾತ್ರಿ ಸಣ್ಣ ದೀಪ ಇರಲಿ. ಇವತ್ತು ಯಾವ ವಾರ, ಇದು ಯಾವ ಊರು ಅಂತ ಆಗಾಗ ಹೇಳುತ್ತಿರಿ.

ಮಾಲೆ ಹಾಕಿದ ಮೂರನೇ ದಿನ

ದಿನಾ ಜಾಸ್ತಿ ಕುಡಿಯುತ್ತಿದ್ದವರು ಒಂದೇ ಏಟಿಗೆ ನಿಲ್ಲಿಸಿದಾಗ ಆಗುವುದು ಬೇರೆಯದೇ ಕಥೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ. ನಮ್ಮ ಕಡೆ ಕಾರ್ತಿಕದಲ್ಲಿ ಅಯ್ಯಪ್ಪನ ಮಾಲೆ ಹಾಕಿಕೊಂಡು ಅವತ್ತೇ ಕುಡಿತ ಬಿಡುವ ಗಂಡಸರು ಎಷ್ಟೋ ಜನ. ಮನಸ್ಸು ಒಳ್ಳೆಯದೇ. ಆದರೆ ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿಕೊಂಡ ಮಿದುಳಿಗೆ ಅದು ದೊಡ್ಡ ಆಘಾತ.

ಮದ್ಯ ಮಿದುಳನ್ನು ಅಮುಕಿ ಇಟ್ಟಿರುತ್ತದೆ. ಮಿದುಳೂ ಅದಕ್ಕೆ ಎದುರಾಗಿ ಒತ್ತುತ್ತಲೇ ಇರುತ್ತದೆ. ಅಮುಕಿದ ಕೈ ತಟ್ಟನೆ ತೆಗೆದರೆ ಮಿದುಳು ಚಿಮ್ಮುತ್ತದೆ. ಮೊದಲ ದಿನ ಕೈ ನಡುಕ, ಬೆವರು, ನಿದ್ದೆ ಇಲ್ಲ. 12ರಿಂದ 24 ಗಂಟೆಯ ಹೊತ್ತಿಗೆ ಕೆಲವರಿಗೆ ಯಾರೋ ಬೈದ ಹಾಗೆ ಕೇಳಿಸುತ್ತದೆ. ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಒಳಗೆ ಡೆಲಿರಿಯಂ ಟ್ರೆಮೆನ್ಸ್ ಅನ್ನುವ ಸ್ಥಿತಿ ಬರಬಹುದು. ಗೋಡೆ ಮೇಲೆ ಇರುವೆ, ಹಾವು, ಹಾಸಿಗೆ ತುಂಬಾ ಹುಳು. ಯಾರೋ ಕೊಲ್ಲಲು ಬರುತ್ತಿದ್ದಾರೆ ಅಂತ ಓಡುತ್ತಾರೆ. ಜ್ವರ, ಜೋರಾದ ಎದೆಬಡಿತ. ಮನೆಯವರು ಮಡಿ ಕೆಟ್ಟಿತು, ಸ್ವಾಮಿಗೆ ಸಿಟ್ಟು ಬಂತು ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಪ್ರಾಣವೇ ಹೋಗಬಹುದು. ಇದು ಮನೆಯಲ್ಲಿ ಕಾಯುವ ವಿಷಯ ಅಲ್ಲ.

ಅಪಘಾತದಲ್ಲಿ ಕಾಲು ಮುರಿದು ವಾರ್ಡಿಗೆ ಸೇರಿದವರಿಗೂ ಮೂರನೇ ದಿನ ಹೀಗಾಗುತ್ತದೆ. ಅವರು ಕುಡಿಯುತ್ತಿದ್ದರು ಅಂತ ಮನೆಯವರು ಮರ್ಯಾದೆಗೆ ಅಂಜಿ ಡಾಕ್ಟರಿಗೆ ಹೇಳಿರುವುದಿಲ್ಲ. ದಯವಿಟ್ಟು ಹೇಳಿ. ಮೊದಲೇ ಗೊತ್ತಿದ್ದರೆ ಮಾತ್ರೆಯಿಂದ ಇದನ್ನು ತಡೆಯಬಹುದು. ಥಯಾಮಿನ್, ಅಂದರೆ ಬಿ1 ವಿಟಮಿನ್, ಕೊಟ್ಟು ಮಿದುಳಿಗೆ ಆಗುವ ಖಾಯಂ ಹಾನಿಯನ್ನೂ ತಪ್ಪಿಸಬಹುದು. ಕುಡಿತ ಬಿಡಲೇಬೇಕು. ಆದರೆ ತುಂಬಾ ಕುಡಿಯುವವರು ಡಾಕ್ಟರ ಕೈ ಹಿಡಿದು ಬಿಡಬೇಕು.

ಉಮ್ಮತ್ತಿ ಕಾಯಿ, ಔಷಧಿ ಡಬ್ಬ

ಹೊಲದ ಬದುವಿನಲ್ಲಿ ಬೆಳೆಯುವ ದತ್ತೂರಿ ಗಿಡಕ್ಕೆ ಉಮ್ಮತ್ತಿ ಅನ್ನುತ್ತೇವೆ. ಉನ್ಮತ್ತ ಅನ್ನುವ ಮಾತಿನಿಂದ ಬಂದ ಹೆಸರು. ಶಿವನಿಗೆ ಅದರ ಹೂವು ಏರಿಸುತ್ತೇವೆ. ಅದರ ಬೀಜದಲ್ಲಿ ಅಟ್ರೋಪಿನ್, ಸ್ಕೋಪಾಲಮಿನ್ ಅನ್ನುವ ವಸ್ತುಗಳಿವೆ. ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಮೈ ಬಿಸಿಯಾಗಿ ಕೆಂಪಾಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ. ಇಲ್ಲದ ಜನರ ಜೊತೆ ಮಾತು ಶುರುವಾಗುತ್ತದೆ. ಆಟವಾಡುತ್ತಾ ಕಾಯಿ ತಿಂದ ಮಗುವಿಗೆ ಹೀಗಾದರೆ ಒಂದು ಕಾಯಿ ಕಿತ್ತು ಜೊತೆಗೇ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ.

ಇದೇ ಅಟ್ರೋಪಿನ್ ನಮ್ಮ ಮಂಡ್ಯದ ರೈತರ ಪ್ರಾಣವನ್ನೂ ಉಳಿಸುತ್ತದೆ. ಕೆಲವು ಕೀಟನಾಶಕಗಳು ಮೈಗೇರಿದಾಗ ಆಸ್ಪತ್ರೆಯಲ್ಲಿ ಕೊಡುವ ಮದ್ದು ಇದೇ. ಚಿಕಿತ್ಸೆ ನಡೆಯುವಾಗ ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾ, ಅಸಂಬದ್ಧ ಮಾತಾಡಿದರೆ ಅದು ಮದ್ದು ಮೈಯಲ್ಲಿ ಜಾಸ್ತಿಯಾದ ಗುರುತು ಇರಬಹುದು. ನರ್ಸಿಗೆ ತಕ್ಷಣ ಹೇಳಿ. ಪ್ರಮಾಣ ಸರಿಮಾಡಿದರೆ ಅದು ಇಳಿಯುತ್ತದೆ. ವಿಷ ತಲೆಗೇರಿ ಹುಚ್ಚು ಹಿಡಿಯಿತು ಅಂತ ಎದೆಗುಂದಬೇಡಿ.

ಮನೆಯ ಔಷಧಿ ಡಬ್ಬದಲ್ಲೂ ಕಾರಣ ಇರಬಹುದು. ಉಬ್ಬಸಕ್ಕೆ, ಕೀಲು ನೋವಿಗೆ ಕೊಡುವ ಪ್ರೆಡ್ನಿಸೊಲೋನ್‌ನಂತಹ ಸ್ಟೆರಾಯ್ಡ್ ದಿನಕ್ಕೆ 40 ಮಿಲಿಗ್ರಾಂ ದಾಟಿದರೆ ಮನಸ್ಸಿನ ಮೇಲೆ ಪರಿಣಾಮ ಆಗುವ ಸಂಭವ ಜಾಸ್ತಿ. ನಿದ್ದೆ ಹೋಗುತ್ತದೆ, ಅತಿಯಾದ ಹುರುಪು, ಆಮೇಲೆ ಅನುಮಾನ. ಆದರೆ ಸ್ಟೆರಾಯ್ಡನ್ನು ನೀವೇ ತಟ್ಟನೆ ನಿಲ್ಲಿಸಬಾರದು, ಅದೂ ಅಪಾಯ. ಟಿ.ಬಿ.ಗೆ ಕೊಡುವ ಐಸೋನಿಯಾಜಿಡ್, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಮಾತ್ರೆಗಳು, ನೆಗಡಿಗೂ ನಿದ್ದೆಗೂ ಅಂಗಡಿಯಲ್ಲಿ ಸಿಗುವ ಕೆಲವು ಮಾತ್ರೆಗಳು ಕೂಡ ಕೆಲವರಿಗೆ ಹೀಗೆ ಮಾಡುತ್ತವೆ. ಕಾಲೇಜು ಹುಡುಗರಲ್ಲಾದರೆ ಗಾಂಜಾ ಬಗ್ಗೆ ಕೇಳಲೇಬೇಕು. ಬೈಯುತ್ತಾ ಕೇಳಿದರೆ ಉತ್ತರ ಬರುವುದಿಲ್ಲ. ಗಾಂಜಾ ಎಳೆದ ಹೊತ್ತಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುವುದು ಸಾಮಾನ್ಯ. ಅಮಲು ಇಳಿದ ಮೇಲೂ ಅದು ಉಳಿದರೆ ತಡ ಮಾಡಬಾರದು.

ಸದ್ದಿಲ್ಲದೆ ಬರುವ ಕಾರಣಗಳು

1949ರಲ್ಲಿ ರಿಚರ್ಡ್ ಆಶರ್ ಅನ್ನುವ ಇಂಗ್ಲೆಂಡಿನ ವೈದ್ಯ 14 ರೋಗಿಗಳ ಬಗ್ಗೆ ಬರೆದರು. ಎಲ್ಲರಿಗೂ ಥೈರಾಯ್ಡ್ ಕಡಿಮೆಯಾಗಿ ಬುದ್ಧಿ ಕೆಟ್ಟಿತ್ತು. ಮುಖ ಊದಿದೆ, ದನಿ ಒಡೆದಿದೆ, ಚಳಿ ತಡೆಯಲ್ಲ, ಜೊತೆಗೆ ಅನುಮಾನ. ಥೈರಾಯ್ಡ್ ಔಷಧಿ ಕೊಟ್ಟಾಗ ಹೆಚ್ಚಿನವರು ಸುಧಾರಿಸಿದರು. ಇವತ್ತು ಅದು ಒಂದು ಸಣ್ಣ ರಕ್ತ ಪರೀಕ್ಷೆ, ಮೈಸೂರು ಮಂಡ್ಯದ ಯಾವ ಲ್ಯಾಬಿನಲ್ಲಾದರೂ ಆಗುತ್ತದೆ. ಬಿ12 ಕೊರತೆಯೂ ಹಾಗೇ. ಮಾಂಸ, ಮೊಟ್ಟೆ ಮುಟ್ಟದೆ, ಹಾಲು ಮೊಸರೂ ಕಡಿಮೆ ತೆಗೆದುಕೊಳ್ಳುವ ಮನೆಗಳಲ್ಲಿ ಇದನ್ನು ಮೊದಲು ನೋಡಬೇಕು. ಕಾಲು ಜುಮ್ಮೆನ್ನುವುದು, ನಡೆದಾಗ ತೂರಾಡುವುದು, ಮರೆವು, ಕೆಲವರಲ್ಲಿ ಸುಳ್ಳು ಅನುಮಾನ.

ಮಿದುಳಿನ ಪಕ್ಕದ ಭಾಗದಲ್ಲಿ ಹುಟ್ಟುವ ಕೆಲವು ಫಿಟ್ಸ್‌ನಲ್ಲಿ ಕೈಕಾಲು ಬಡಿಯುವುದೇ ಇಲ್ಲ. ಒಂದೆರಡು ನಿಮಿಷ ಸುಟ್ಟ ರಬ್ಬರಿನ ವಾಸನೆ, ಹಿಂದೆ ಎಂದೋ ನೋಡಿದ ಜಾಗ ಅನ್ನುವ ಭಾವ, ಬಾಯಿ ಚಪ್ಪರಿಸುವುದು. ಆಮೇಲೆ ಏನೂ ನೆನಪಿಲ್ಲ.

2007ರಲ್ಲಿ ಜೋಸೆಪ್ ಡಾಲ್ಮೌ ಅನ್ನುವ ವೈದ್ಯ ಮತ್ತು ಅವರ ಜೊತೆಯವರು ಗುರುತಿಸಿದ ಒಂದು ಕಾಯಿಲೆ ಇದೆ. ಮೈಯ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿ ಬೀಳುತ್ತದೆ. ಬರುವುದು ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೆ. ನಿನ್ನೆ ಮೊನ್ನೆವರೆಗೆ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ಒಂದೆರಡು ವಾರದಲ್ಲಿ ಅನುಮಾನ, ಕಿರುಚಾಟ, ಆಮೇಲೆ ಫಿಟ್ಸ್, ಬಾಯಿಯ ವಿಚಿತ್ರ ಚಲನೆ, ಆಮೇಲೆ ಮೌನ. ಕೆಲವರಲ್ಲಿ ಅಂಡಾಶಯದ ಒಂದು ಗೆಡ್ಡೆಯಿಂದ ಇದು ಶುರುವಾಗಿರುತ್ತದೆ. ಬೇಗ ಗುರುತಿಸಿ ಚಿಕಿತ್ಸೆ ಕೊಟ್ಟರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಮದುವೆಗೆ ಬಂದ ಹುಡುಗಿ, ಹೊರಗೆ ಗೊತ್ತಾಗಬಾರದು ಅಂತ ಮನೆಯಲ್ಲೇ ಮುಚ್ಚಿಡುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಕಣ್ಣು ಮಂಜಾದಾಗ, ಕಿವಿ ಮಂದವಾದಾಗ

ಜಿನೀವಾದಲ್ಲಿ ಶಾರ್ಲ್ ಬೊನೆ ಅನ್ನುವ ವಿಜ್ಞಾನಿ ಇದ್ದರು. ಅವರ ಅಜ್ಜನಿಗೆ ಪೊರೆ ಬಂದು ಕಣ್ಣು ಮಂಜಾಗಿತ್ತು. ಬುದ್ಧಿ ಚುರುಕಾಗಿತ್ತು. ಆದರೂ ಅವರಿಗೆ ಜನ, ಹಕ್ಕಿ, ಗಾಡಿ, ಕಟ್ಟಡ ಕಾಣುತ್ತಿದ್ದವು. ಅವು ನಿಜವಲ್ಲ ಅಂತಲೂ ಅಜ್ಜನಿಗೆ ಗೊತ್ತಿತ್ತು. ಮೊಮ್ಮಗ 1760ರಲ್ಲಿ ಅದನ್ನು ಬರೆದರು. ಇವತ್ತಿಗೂ ಆ ಸ್ಥಿತಿಗೆ ಮೊಮ್ಮಗನ ಹೆಸರೇ ಇದೆ. ಕಣ್ಣಿನಿಂದ ಸುದ್ದಿ ಬರುವುದು ನಿಂತಾಗ ಮಿದುಳಿನ ನೋಡುವ ಭಾಗ ತಾನೇ ಚಿತ್ರ ಬಿಡಿಸತೊಡಗುತ್ತದೆ. ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ಕೆಟ್ಟ ಕಣ್ಣು, ಯಾವುದರಿಂದಲೂ ಹೀಗಾಗಬಹುದು. ಸದ್ದಿಲ್ಲದ ಚಿತ್ರಗಳು, ಪುಟ್ಟ ಮನುಷ್ಯರು, ಬಣ್ಣಬಣ್ಣದ ರಂಗೋಲಿಯಂತಹ ನಕ್ಷೆಗಳು. ನಮ್ಮ ಅಜ್ಜಿ ತಾತಂದಿರು ಇದನ್ನು ಹೇಳಿಕೊಳ್ಳುವುದೇ ಇಲ್ಲ. ಹೇಳಿದರೆ ಅರಳುಮರಳು ಅನ್ನುತ್ತಾರೆ ಅಂತ ಭಯ. ನಾವೇ ಮೆತ್ತಗೆ ಕೇಳಬೇಕು. ಇದು ಕಣ್ಣಿನಿಂದ ಆಗುವುದು, ಬುದ್ಧಿ ಸರಿಯಾಗಿದೆ ಅಂತ ತಿಳಿದರೇ ಅವರ ಅರ್ಧ ಭಾರ ಇಳಿಯುತ್ತದೆ.

ಕಿವಿಯದು ಇನ್ನೂ ಸೂಕ್ಷ್ಮ. ಕಿವಿ ಮಂದವಾದ ಕೆಲವರಿಗೆ ಹಳೆಯ ಹಾಡು, ಭಜನೆ ಕೇಳಿಸುತ್ತದೆ. ಅದಕ್ಕಿಂತ ಸಾಮಾನ್ಯ ಅಂದರೆ ಅನುಮಾನ. ಮಗ ಸೊಸೆ ಮಾತಾಡುವುದು ಕಾಣುತ್ತದೆ, ಕೇಳಿಸುವುದಿಲ್ಲ. ನನ್ನ ಬಗ್ಗೆಯೇ ಪಿಸುಗುಡುತ್ತಿದ್ದಾರೆ ಅನ್ನಿಸುತ್ತದೆ. 1981ರಲ್ಲಿ ಫಿಲಿಪ್ ಜಿಂಬಾರ್ಡೊ ಮತ್ತು ಅವರ ಜೊತೆಯವರು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಸಂಮೋಹನದಿಂದ ಅವರ ಕಿವಿಯನ್ನು ಸ್ವಲ್ಪ ಹೊತ್ತು ಮಂದ ಮಾಡಿದರು. ಯಾಕೆ ಕೇಳುತ್ತಿಲ್ಲ ಅಂತ ಗೊತ್ತಿಲ್ಲದವರಲ್ಲಿ ಪಕ್ಕದವರ ಮೇಲೆ ಸಿಟ್ಟು, ಅನುಮಾನ ಹೆಚ್ಚಾಯಿತು. ಕಾರಣ ಗೊತ್ತಿದ್ದವರಲ್ಲಿ ಅಷ್ಟು ಆಗಲಿಲ್ಲ. ಮನೆಯ ಎಷ್ಟೋ ಜಗಳಗಳು ಇಲ್ಲೇ ಹುಟ್ಟುತ್ತವೆ ಅಂತ ನಾನು ನಂಬುತ್ತೇನೆ. ಮೈಸೂರಿನವರ ಭಾಗ್ಯ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ಒಮ್ಮೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿ.

ಮರೆವಿನ ಕಾಯಿಲೆಯಲ್ಲೂ ಅನುಮಾನ ಮೊದಲೇ ತಲೆ ಹಾಕಬಹುದು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಆಲ್ಜೈಮರ್ ಅನ್ನುವ ವೈದ್ಯ ನೋಡಿದ ಆಗಸ್ಟೆ ಡೀಟರ್ ಅವರಿಗೆ 51 ವರ್ಷ. ಅವರಲ್ಲಿ ಮೊದಲು ಕಂಡದ್ದು ಗಂಡನ ಮೇಲಿನ ಅನುಮಾನ. ಬಳೆ ಎಲ್ಲಿಟ್ಟೆ ಅಂತ ಮರೆತವರಿಗೆ, ಅದನ್ನು ಕೆಲಸದವಳು ಕದ್ದಳು ಅನ್ನುವುದು ಸುಲಭದ ವಿವರಣೆ. ಲೂಯಿ ಬಾಡಿ ಅನ್ನುವ ಇನ್ನೊಂದು ಥರದ ಮರೆವಿನಲ್ಲಿ ಮಕ್ಕಳು, ಪ್ರಾಣಿಗಳು ಸ್ಪಷ್ಟವಾಗಿ ಕಾಣುತ್ತವೆ. ನಡಿಗೆ ನಿಧಾನವಾಗುತ್ತದೆ, ಕನಸಿನಲ್ಲಿ ಕೈಕಾಲು ಬಡಿಯುತ್ತಾರೆ. ಹ್ಯಾಲೊಪೆರಿಡಾಲ್‌ನಂತಹ ಔಷಧಿ ಇವರಿಗೆ ತುಂಬಾ ಕೆಟ್ಟದ್ದು ಮಾಡಬಹುದು. ಸುಮ್ಮನಿರಲಿ ಅಂತ ಒಂದು ಇಂಜೆಕ್ಷನ್ ಕೊಡಿಸುವ ಮುಂಚೆ ಇದನ್ನು ಡಾಕ್ಟರ ಹತ್ತಿರ ಮಾತಾಡಿ.

ಬಾಣಂತಿ ಸನ್ನಿ

ಇದಕ್ಕೂ ನಮ್ಮಲ್ಲಿ ಹೆಸರಿದೆ. ಹೆರಿಗೆಯಾದ 1,000 ತಾಯಂದಿರಲ್ಲಿ ಒಬ್ಬರು ಅಥವಾ ಇಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ ಬರುತ್ತದೆ. ಮೊದಲು ನಿದ್ದೆ ಹೋಗುತ್ತದೆ. ಮಗು ಮಲಗಿದರೂ ಬಾಣಂತಿ ಮಲಗುವುದಿಲ್ಲ. ಆಮೇಲೆ ಇದು ನನ್ನ ಮಗು ಅಲ್ಲ, ಮಗುವಿಗೆ ಏನೋ ಹೊಕ್ಕಿದೆ, ಅತ್ತೆ ಮನೆಯವರು ಸಾಯಿಸುತ್ತಾರೆ ಅನ್ನುವ ಮಾತು. ಬಾಣಂತನದ ಕೋಣೆಯಲ್ಲಿ ಬಾಗಿಲು ಹಾಕಿ ಬೇವಿನ ಹೊಗೆ ಹಾಕುವುದರಿಂದ ಇದು ಹೋಗುವುದಿಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಾಯಿ ಮಗುವನ್ನು ಇಬ್ಬರನ್ನೇ ಬಿಡಬಾರದು. ಚಿಕಿತ್ಸೆಗೆ ಇದು ಚೆನ್ನಾಗಿ ಬಗ್ಗುತ್ತದೆ. ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಮನಸ್ಸಿನ ಕಡೆಯಿಂದ

1971ರಲ್ಲಿ ಡೀವಿ ರೀಸ್ ಅನ್ನುವ ವೇಲ್ಸ್‌ನ ವೈದ್ಯ ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿದರು. ಸುಮಾರು ಅರ್ಧದಷ್ಟು ಜನ ತೀರಿಕೊಂಡವರು ಪಕ್ಕದಲ್ಲೇ ಇದ್ದ ಹಾಗೆ ಅನ್ನಿಸಿದ್ದನ್ನು, ಕಂಡದ್ದನ್ನು, ದನಿ ಕೇಳಿದ್ದನ್ನು ಹೇಳಿದರು. ಹೆಚ್ಚಿನವರು ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಬಹಳ ಜನರಿಗೆ ಅದು ಸಮಾಧಾನವನ್ನೇ ಕೊಟ್ಟಿತ್ತು. ತಾತ ಹೋದ ಮೇಲೆ ಸಂಜೆ ಗೇಟಿನ ಸದ್ದು ಕೇಳಿ ಅಜ್ಜಿ ಕಾಫಿಗೆ ನೀರಿಟ್ಟರೆ ಅದು ರೋಗ ಅಲ್ಲ. ಅದು 50 ವರ್ಷದ ಸಂಸಾರ.

ನಿದ್ದೆಗೆ ಜಾರುವಾಗ, ಎಚ್ಚರವಾಗುವಾಗ ಏನೋ ಕಾಣುವುದು, ಎದೆ ಮೇಲೆ ಯಾರೋ ಕೂತ ಹಾಗೆ ಆಗಿ ಕೈಕಾಲು ಆಡದಿರುವುದು ಕೂಡ ಆರೋಗ್ಯವಂತರಿಗೇ ಆಗುತ್ತದೆ. ಕನಸಿನ ನಿದ್ದೆಯ ತುಣುಕು ಎಚ್ಚರದೊಳಗೆ ಉಳಿದುಬಿಟ್ಟಿರುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಯಲ್ಲಿ ರಾತ್ರಿಗಟ್ಟಲೆ ನಿದ್ದೆಗೆಟ್ಟವರಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ಇದು ಜಾಸ್ತಿ.

ಇನ್ನು ಚಿಕಿತ್ಸೆ ಬೇಕಾದವು. ತೀವ್ರ ಖಿನ್ನತೆಯಲ್ಲಿ ನೀನು ಪಾಪಿ, ಬದುಕಬೇಡ ಅನ್ನುವ ದನಿ ಕೇಳಿಸಬಹುದು. ಬೈಪೋಲಾರ್ ಕಾಯಿಲೆಯ ಏರುಗಾಲದಲ್ಲಿ ದೇವರೇ ನನ್ನ ಜೊತೆ ಮಾತಾಡುತ್ತಾನೆ ಅನ್ನಿಸಬಹುದು. ಹೊಡೆತ, ದೌರ್ಜನ್ಯ, ದೊಡ್ಡ ಅಪಘಾತ ಕಂಡವರಿಗೆ ಆ ದನಿ, ಆ ದೃಶ್ಯ ಮರಳಿ ಮರಳಿ ಬರುತ್ತದೆ. ಬೇರೆ ಎಲ್ಲದರಲ್ಲೂ ಸರಿಯಾಗಿದ್ದು, ಹೆಂಡತಿಯ ಶೀಲದ ವಿಷಯದಲ್ಲಿ ಮಾತ್ರ ಬಂಡೆಯಂತಹ ಅನುಮಾನ ಇಟ್ಟುಕೊಂಡ ಗಂಡಸರನ್ನು ನಾವೆಲ್ಲಾ ನೋಡಿದ್ದೇವೆ. ಸಂಶಯ ಪಿಶಾಚಿ ಅಂತ ಬೈದು ಬಿಡುತ್ತೇವೆ. ಅದೂ ಕಾಯಿಲೆ ಇರಬಹುದು, ಕುಡಿತ ಸೇರಿದರೆ ಹೆಂಡತಿಯ ಜೀವಕ್ಕೇ ಅಪಾಯ. ಮೊದಲು ಅವಳ ಸುರಕ್ಷತೆ ನೋಡಬೇಕು.

ಡಾಕ್ಟರ ಹತ್ತಿರ ಹೋಗುವಾಗ

ಇದನ್ನು ಓದಿ ಮನೆಯಲ್ಲೇ ಕಾಯಿಲೆಗೆ ಹೆಸರಿಡಬೇಡಿ. ಡಾಕ್ಟರಿಗೆ ಬೇಕಾದ ಸುಳಿವು ಕೊಡಿ. ನಾನು ಈಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು ಅಂತ ಎಲ್ಲರಿಗೂ ಹೇಳುತ್ತೇನೆ. ಯಾವತ್ತು ಶುರುವಾಯಿತು, ತಟ್ಟನೆಯೋ ನಿಧಾನವೋ. ಯಾವ ಹೊತ್ತಿನಲ್ಲಿ ಜಾಸ್ತಿ. ಕಾಣುವುದೋ ಕೇಳುವುದೋ. ಜ್ವರ, ಬಿದ್ದದ್ದು, ಫಿಟ್ಸ್, ಉಪವಾಸ, ನಿದ್ದೆ. ಕುಡಿತ ಎಷ್ಟು, ಯಾವತ್ತು ನಿಲ್ಲಿಸಿದ್ದು. ಔಷಧಿ ಡಬ್ಬವನ್ನು ಪೂರ್ತಿ ಚೀಲಕ್ಕೆ ಹಾಕಿಕೊಳ್ಳಿ, ನಾಟಿ ಔಷಧಿಯನ್ನೂ ಬಿಡಬೇಡಿ. 50 ದಾಟಿದವರಲ್ಲಿ ಮೊದಲ ಸಲ ಬಂದರೆ, ತಟ್ಟನೆ ಬಂದರೆ, ಕಣ್ಣಿಗೆ ಕಾಣುವುದೇ ಮುಖ್ಯವಾಗಿದ್ದರೆ, ಮೈಯ ಪರೀಕ್ಷೆ ಆಗಿದೆಯಾ ಅಂತ ವಿನಯವಾಗಿ ಕೇಳಿ. ಕೇಳುವುದು ತಪ್ಪಲ್ಲ.

ಕಂಡವರ ಜೊತೆ ವಾದ ಮಾಡಬೇಡಿ. ಹೌದು ಅಲ್ಲಿ ಮಕ್ಕಳಿದ್ದಾರೆ ಅಂತ ಸುಳ್ಳೂ ಹೇಳಬೇಡಿ. "ನನಗೆ ಕಾಣುತ್ತಿಲ್ಲ ದೊಡ್ಡಮ್ಮ, ಆದರೆ ನಿಮಗೆ ಭಯ ಆಗಿದೆ ಅಂತ ಗೊತ್ತಾಗುತ್ತಿದೆ, ನಾನು ಇಲ್ಲೇ ಕೂರುತ್ತೇನೆ" ಅಂದರೆ ಸಾಕು. ನನಗೆ ಆಗ ಇದು ಗೊತ್ತಿರಲಿಲ್ಲ. ನಾನು ಫೋನಿನಲ್ಲಿ ಗದರಿದ್ದೆ.

ಜ್ವರದ ಜೊತೆ ಕುತ್ತಿಗೆ ಬಿಗಿತ, ಫಿಟ್ಸ್, ತಲೆಗೆ ಪೆಟ್ಟು, ಕುಡಿತ ಬಿಟ್ಟವರ ನಡುಕ, ಹಸಿ ಬಾಣಂತಿ, ಸಾಯಿ ಅಥವಾ ಸಾಯಿಸು ಅನ್ನುವ ದನಿ, ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಎರಡೂ ಕಡೆ ಮೈಯ ಡಾಕ್ಟರೂ ಮನಸ್ಸಿನ ಡಾಕ್ಟರೂ ಒಂದೇ ಆವರಣದಲ್ಲಿ ಸಿಗುತ್ತಾರೆ. ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ದೊಡ್ಡಮ್ಮನಿಗೆ ಆ ಮಕ್ಕಳು ಈಗಲೂ ನೆನಪಿದ್ದಾರೆ. ಒಂದು ಹಳದಿ ಲಂಗ ಹಾಕಿತ್ತಂತೆ. ಅತ್ತಿಗೆಗೆ ಅಂದ ಮಾತು ಮಾತ್ರ ಅವರಿಗೆ ನೆನಪಿಲ್ಲ. ನಾವೂ ನೆನಪಿಸಿಲ್ಲ. ಅತ್ತಿಗೆ ಈಗ ಔಷಧಿ ಡಬ್ಬದ ಮುಚ್ಚಳದ ಮೇಲೆ ಮಾತ್ರೆಗಳ ಹೆಸರು, ಕೊನೆಯ ಸೋಡಿಯಂ ಪರೀಕ್ಷೆಯ ತಾರೀಖು ಬರೆದು ಅಂಟಿಸಿದ್ದಾರೆ.